ಮಿಯಾಟಾ 1.6ಕ್ಕೆ ಆರು ಗೇರಿನ ಬಾಕ್ಸ್: ಹಾಕಿಸಬೇಕಾ, ಬೇಡವಾ?

ಕೆಂಪುಕಾರು91 (ಆಸ್ಟಿನ್, ಟೆಕ್ಸಸ್):

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1991ರ ಮಾಜ್ದಾ ಮಿಯಾಟಾ ಇದೆ, ಇಬ್ಬರೇ ಕೂರುವ, ಟಾಪ್ ತೆರೆಯುವ ಚಿಕ್ಕ ಗಾಡಿ. 1.6 ಲೀಟರ್ ಇಂಜಿನ್, ಐದು ಗೇರು. ಕಂಪನಿ ಲೆಕ್ಕದಲ್ಲಿ 116 ಹಾರ್ಸ್‌ಪವರ್, ಈಗ ಎಷ್ಟು ಉಳಿದಿದೆಯೋ ಅಷ್ಟು. ಎರಡು ವರ್ಷದ ಹಿಂದೆ ತಗೊಂಡೆ. ಊರೊಳಗೆ ಓಡಿಸಲು ಇದಕ್ಕಿಂತ ಖುಷಿ ಕೊಡುವ ಗಾಡಿ ನಾನು ನೋಡಿಲ್ಲ.

ತೊಂದರೆ ಎರಡು. ಮೊದಲನೆಯದು ಹೈವೇ. ಅಕ್ಕ ಹ್ಯೂಸ್ಟನ್‌ನಲ್ಲಿದ್ದಾಳೆ, ತಿಂಗಳಿಗೆ ಎರಡು ಸಲವಾದರೂ ಹೋಗಿ ಬರುತ್ತೇನೆ. ಗಂಟೆಗೆ 75 ಮೈಲಿ, ಅಂದರೆ 120 ಕಿಲೋಮೀಟರ್‌ನಲ್ಲಿ ಐದನೇ ಗೇರಿನಲ್ಲೇ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮುಳ್ಳು 3,900ರ ಹತ್ತಿರ ನಿಂತಿರುತ್ತದೆ. ಎರಡೂವರೆ ಗಂಟೆ ಆ ಸದ್ದು ಕೇಳಿ ಇಳಿದರೆ ಕಿವಿಯಲ್ಲಿ ಗುಂಯ್ ಅನ್ನುತ್ತಲೇ ಇರುತ್ತದೆ. ಕೈ ತಾನಾಗಿ ಇಲ್ಲದ ಆರನೇ ಗೇರು ಹುಡುಕುತ್ತದೆ. ಎರಡನೆಯದು, ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಎರಡನೇ ಗೇರಿಗೆ ಹಾಕಿದರೆ ಕರ್ ಅನ್ನುತ್ತದೆ. ಲಿವರ್ ಕೂಡ ಎಲ್ಲೋ ಒಣ ಮರಕ್ಕೆ ಮರ ಉಜ್ಜಿದ ಹಾಗೆ ಬಿಗಿ.

ಈಗ ಒಂದು ಹಳೆ ಬಿಡಿಭಾಗದ ಅಂಗಡಿಯಲ್ಲಿ 2002ರ ಮಿಯಾಟಾದಿಂದ ಬಿಚ್ಚಿದ ಆರು ಗೇರಿನ ಬಾಕ್ಸ್ ಇದೆ. 650 ಡಾಲರ್ ಹೇಳುತ್ತಿದ್ದಾನೆ. ಅದು 1.8 ಇಂಜಿನ್ ಜೊತೆ ಬಂದಿದ್ದು. ನನ್ನ 1.6ಕ್ಕೆ ಕೂರುತ್ತಾ? ಕೂತರೂ ಚಿಕ್ಕ ಇಂಜಿನ್ ಆರನೇ ಗೇರು ಎಳೆಯುತ್ತಾ? ಹೈವೇಯಲ್ಲಿ ಆರ್‌ಪಿಎಂ ಎಷ್ಟು ಇಳಿಯಬಹುದು? ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ನಮ್ಮಪ್ಪನ ಅಂಬಾಸಿಡರ್‌ಗೆ ನಾಲ್ಕೇ ಗೇರು ಇದ್ದಿದ್ದು, ಹಾಗಾಗಿ ಮನೆಯಲ್ಲಿ ಕೇಳಿದರೆ ಉತ್ತರ ಸಿಗಲ್ಲ.

ಪಿನಿಯನ್ (ಮೆಲ್ಬರ್ನ್):

ಕೂರುತ್ತದೆ. 1.6 ಮತ್ತು 1.8 ಎರಡೂ ಒಂದೇ ಮನೆತನದ ಇಂಜಿನ್‌ಗಳು, ಹಿಂದಿನ ಮುಖದ ಬೋಲ್ಟ್ ಜಾಗ ಎರಡರಲ್ಲೂ ಒಂದೇ. ಅಮೆರಿಕದಲ್ಲಿ 1999ರ ಹತ್ತನೇ ವರ್ಷದ ವಿಶೇಷ ಮಾಡೆಲ್‌ನಲ್ಲಿ ಮೊದಲು ಬಂದ ಈ ಆರು ಗೇರಿನ ಬಾಕ್ಸನ್ನು ಐಸಿನ್ ಕಂಪನಿ ಮಾಡಿದ್ದು. ಅದೇ ಮನೆತನದ ಬಾಕ್ಸ್ ಟೊಯೋಟಾ ಆಲ್ಟೆಝಾದಲ್ಲೂ, ನಿಸ್ಸಾನ್ ಸಿಲ್ವಿಯಾ ಎಸ್15ರಲ್ಲೂ ಇದೆ. ಆ ಗಾಡಿಗಳ ಇಂಜಿನ್ ನಿಮ್ಮದಕ್ಕಿಂತ ಎಷ್ಟೋ ಬಲವಾದದ್ದು, ಹಾಗಾಗಿ ಬಾಕ್ಸ್ ತಾಳುತ್ತಾ ಅನ್ನುವ ಚಿಂತೆ ಬೇಡ.

ಆದರೆ ದುಡ್ಡು ಕೊಡುವ ಮೊದಲು ಒಂದು ಲೆಕ್ಕ ನೋಡಿ. ಇದು ತುಂಬಾ ಜನ ತಪ್ಪು ತಿಳಿಯುವ ಜಾಗ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ನಿಮ್ಮ ಐದು ಗೇರಿನ ಬಾಕ್ಸಿನ ರೇಶಿಯೋ, ಅಂದರೆ ಬಾಕ್ಸಿನಿಂದ ಹೊರಬರುವ ಶಾಫ್ಟ್ ಒಂದು ಸುತ್ತು ತಿರುಗಲು ಇಂಜಿನ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಅಂಕಿ, ಹೀಗಿದೆ: 3.136, 1.888, 1.330, 1.000, 0.814. ಆರು ಗೇರಿನದು: 3.760, 2.269, 1.645, 1.257, 1.000, 0.843. ಕೊನೆಯ ಎರಡು ಅಂಕಿ ಮತ್ತೊಮ್ಮೆ ನೋಡಿ. ನಿಮ್ಮ ಐದನೇ ಗೇರು 0.814, ಆ ಬಾಕ್ಸಿನ ಆರನೇ ಗೇರು 0.843. ಅಂದರೆ ಆರನೆಯದು ನಿಮ್ಮ ಐದನೆಯದಕ್ಕಿಂತ ಗಿಡ್ಡ, ಅದೇ ವೇಗಕ್ಕೆ ಇಂಜಿನ್ ಇನ್ನೂ ಜಾಸ್ತಿ ತಿರುಗಬೇಕು! ಹಿಂದಿನ ಚಕ್ರಗಳ ನಡುವೆ ಕೂತು, ಕೊನೆಯದಾಗಿ ಸುತ್ತು ಇಳಿಸಿ ಚಕ್ರಕ್ಕೆ ಕೊಡುವ ಡಿಫರೆನ್ಷಿಯಲ್ ನಿಮ್ಮದು 4.3ರದು. ಅದನ್ನು ಹಾಗೇ ಇಟ್ಟುಕೊಂಡು ಬರೀ ಬಾಕ್ಸ್ ಬದಲಾಯಿಸಿದರೆ 120ರಲ್ಲಿ ಈಗಿರುವ 3,890 ಸುಮಾರು 4,030 ಆಗುತ್ತದೆ. ಕಂಪನಿಯ 185/60, 14 ಇಂಚಿನ ಟೈರ್ ಇಟ್ಟುಕೊಂಡು ಮಾಡಿದ ಲೆಕ್ಕ ಇದು. ಸದ್ದು ಕಮ್ಮಿ ಮಾಡಲು ಹೋಗಿ ಜಾಸ್ತಿ ಮಾಡಿಕೊಂಡ ಹಾಗಾಗುತ್ತದೆ.

ಕೆಂಪುಕಾರು91:

ಇದು ನಿಜಕ್ಕೂ ಗೊತ್ತಿರಲಿಲ್ಲ. ಆರನೇ ಗೇರು ಅಂದರೆ ಐದರ ಮೇಲೆ ಇನ್ನೊಂದು ಉದ್ದದ ಗೇರು ಅಂತ ಅಂದುಕೊಂಡಿದ್ದೆ. ಹಾಗಾದರೆ ಮಾಜ್ದಾದವರು ಅದನ್ನು ಹಾಕಿದ್ದು ಯಾಕೆ? 2002ರ ಗಾಡಿಯೂ ಹೈವೇಯಲ್ಲಿ ಹೀಗೇ ಕಿರುಚುತ್ತಿತ್ತಾ?

ಪಿನಿಯನ್:

ಇಲ್ಲ, ಅವರು ಅದರ ಜೊತೆ ಡಿಫರೆನ್ಷಿಯಲ್ಲನ್ನೂ ಬದಲಾಯಿಸಿದ್ದರು. ಅಮೆರಿಕದ ಆರು ಗೇರಿನ ಗಾಡಿಗಳಿಗೆ 3.909ರ ಕ್ರೌನ್-ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ಹಲ್ಲುಚಕ್ರಗಳ ಜೋಡಿ) ಬರುತ್ತದೆ. ಬಾಕ್ಸ್ ಮತ್ತು ಡಿಫರೆನ್ಷಿಯಲ್ ಗಂಡ-ಹೆಂಡತಿ ಇದ್ದ ಹಾಗೆ, ಒಂದನ್ನು ಮಾತ್ರ ಕರೆದುಕೊಂಡು ಬಂದರೆ ಸಂಸಾರ ನಡೆಯಲ್ಲ. ಆರು ಗೇರಿನ ಬಾಕ್ಸ್ ಜೊತೆ 3.909 ಹಾಕಿದರೆ 120ರಲ್ಲಿ 3,660 ಆಸುಪಾಸು ಬರುತ್ತದೆ.

ಈಗ ಅಸಲಿ ಮಾತು. ನಿಮ್ಮ ಹಳೇ ಐದು ಗೇರಿನ ಬಾಕ್ಸನ್ನೇ ಇಟ್ಟುಕೊಂಡು ಆ 3.909 ಡಿಫರೆನ್ಷಿಯಲ್ ಮಾತ್ರ ಹಾಕಿದರೆ? 3,535. ಆರು ಗೇರಿಗಿಂತ ಇನ್ನೂ 125 ಕಮ್ಮಿ. ಅಂದರೆ ಹೈವೇ ನೆಮ್ಮದಿ ಬೇಕು ಅಂದರೆ ನೀವು ಹುಡುಕಬೇಕಾದ್ದು ಗೇರ್‌ಬಾಕ್ಸ್ ಅಲ್ಲ, ಹಿಂದಿನ ಡಿಫರೆನ್ಷಿಯಲ್.

ಗೇರುಗಳು ಒತ್ತೊತ್ತಾಗಿರುತ್ತವೆ, ಶಿಫ್ಟ್ ಮಾಡಿದಾಗ ಆರ್‌ಪಿಎಂ ಕಮ್ಮಿ ಬೀಳುತ್ತದೆ ಅಂತಲೂ ಹೇಳುತ್ತಾರೆ. ಅದನ್ನೂ ಲೆಕ್ಕ ಹಾಕಿ ನೋಡಿದ್ದೇನೆ. 7,000ದಲ್ಲಿ ಒಂದರಿಂದ ಎರಡಕ್ಕೆ ಹಾಕಿದರೆ ಐದು ಗೇರಿನದರಲ್ಲಿ 4,214ಕ್ಕೆ ಬೀಳುತ್ತದೆ, ಆರು ಗೇರಿನದರಲ್ಲಿ 4,224ಕ್ಕೆ. ಹತ್ತು ಆರ್‌ಪಿಎಂ ವ್ಯತ್ಯಾಸ! ಎರಡರಿಂದ ಮೂರಕ್ಕೆ 4,930 ಮತ್ತು 5,075. ನಾಲ್ಕರಿಂದ ಐದಕ್ಕಂತೂ ಐದು ಗೇರಿನದೇ ಒತ್ತಾಗಿದೆ. ಹಾಗಾಗಿ ಸುಮ್ನೆ ಆರು ಅನ್ನುವ ಅಂಕಿ ನೋಡಿ ಮರುಳಾಗಬೇಡಿ.

ಒಂದು ಕಡೆ ಮಾತ್ರ ಆರು ಗೇರಿನದು ನಿಜವಾಗಿ ಗೆಲ್ಲುತ್ತದೆ, ಅದು 3.636ರ ಡಿಫರೆನ್ಷಿಯಲ್ ಜೊತೆ. ಆಗ ಒಂದನೇ ಗೇರಿನ ಒಟ್ಟು ರೇಶಿಯೋ 13.67 ಆಗುತ್ತದೆ. ನಿಮ್ಮ ಈಗಿನದು 13.48. ಹೆಚ್ಚುಕಮ್ಮಿ ಒಂದೇ, ಸಿಗ್ನಲ್‌ನಲ್ಲಿ ಗಾಡಿ ಎತ್ತುವಾಗ ಏನೂ ಕಳೆದುಕೊಳ್ಳಲ್ಲ. ಆದರೆ ಆರನೇ ಗೇರಿನಲ್ಲಿ 120ಕ್ಕೆ 3,400ಕ್ಕೆ ಇಳಿಯುತ್ತದೆ. ಎರಡೂ ತುದಿ ಸರಿಹೋಗುವುದು ಇದೊಂದರಲ್ಲೇ. ನನ್ನ ಗಾಡಿಯಲ್ಲಿ ಇರುವುದು ಇದೇ ಜೋಡಿ, ನಾಲ್ಕು ವರ್ಷ ಆಯ್ತು. ಆದರೆ ಅದಕ್ಕೆ ದುಡ್ಡು, ಹುಡುಕಾಟ ಎರಡೂ ಜಾಸ್ತಿ.

ಘಟ್ಟದ ಕೆಳಗೆ (ಉಡುಪಿ):

ನಮ್ಮಲ್ಲಿ ಮಿಯಾಟಾ ಮಾರಾಟಕ್ಕೇ ಬಂದಿಲ್ಲ, ಆ ಗಾಡಿಗೆ ನಾನು ಕೈ ಹಾಕಿದ್ದೂ ಇಲ್ಲ. ಆದರೆ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷದಿಂದ ಗೇರ್‌ಬಾಕ್ಸ್ ಇಳಿಸಿ ಹತ್ತಿಸುವ ಕೆಲಸವೇ ಮಾಡುತ್ತಿದ್ದೇನೆ. ಹಾಗಾಗಿ "ಚಿಕ್ಕ ಇಂಜಿನ್ ಎಳೆಯುತ್ತಾ" ಅನ್ನುವ ಪ್ರಶ್ನೆಗೆ ಎರಡು ಮಾತು.

ಎಳೆಯುವುದು ಗೇರುಗಳ ಸಂಖ್ಯೆ ಮೇಲೆ ಇಲ್ಲ. ಚಕ್ರಕ್ಕೆ ಬರುವ ಒಟ್ಟು ರೇಶಿಯೋ ಮೇಲೆ ಇದೆ. ಚಿಕ್ಕ ಇಂಜಿನ್ ಗಾಡಿಗೆ ಕಂಪನಿಯವರು ಗಿಡ್ಡ ಗೇರು ಕೊಡುವುದು ಬೇಕಂತಲೇ. ಟಾರ್ಕ್ ಕಮ್ಮಿ ಇದೆ, ಅದನ್ನು ಗೇರಿನಿಂದ ತುಂಬಿಸುತ್ತಾರೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಹತ್ತುವಾಗ ಇದು ಕಾಲಿಗೇ ಗೊತ್ತಾಗುತ್ತದೆ. ಉದ್ದ ಗೇರಿನ ಗಾಡಿ ಎರಡನೇ ಗೇರಿನಲ್ಲಿ ತಿರುವು ಮುಗಿಸಿ ಮೇಲೆ ಏಳುವಾಗ ಉಬ್ಬಸ ಬಂದ ಹಾಗೆ ಮಾಡುತ್ತದೆ, ಒಂದಕ್ಕೆ ಇಳಿಸಿದರೆ ಕಿರುಚುತ್ತದೆ. ಗಿಡ್ಡ ಗೇರಿನದು ಸಲೀಸಾಗಿ ಹೋಗುತ್ತದೆ. ಪಿನಿಯನ್ ಅವರು ಹೇಳಿದಂತೆ ಐದು ಗೇರಿಗೆ 3.909 ಹಾಕಿದರೆ ಒಂದನೇ ಗೇರು 13.48ರಿಂದ 12.26ಕ್ಕೆ ಬರುತ್ತದೆ, ಅಂದರೆ ಎಲ್ಲಾ ಗೇರುಗಳಲ್ಲೂ ಎಳೆತ ಶೇಕಡ 9ರಷ್ಟು ಕಮ್ಮಿ. ಸಮತಟ್ಟು ರಸ್ತೆ, ಹಗುರ ಗಾಡಿ, ಇಬ್ಬರೇ ಜನ ಅಂದರೆ ಏನೂ ತೊಂದರೆ ಇಲ್ಲ. ಗುಡ್ಡದಲ್ಲಿ ಓಡಿಸುವವರು ಮಾತ್ರ ಯೋಚಿಸಬೇಕು.

ಎರಡನೇ ಗೇರು ತಣ್ಣಗಿದ್ದಾಗ ಕರ್ ಅನ್ನುವುದಕ್ಕೆ ಬಾಕ್ಸ್ ಬದಲಾಯಿಸುವ ಮಾತು ಈಗಲೇ ಬೇಡ. ಮೊದಲು ಆಯಿಲ್ ಇಳಿಸಿ ನೋಡಿ. ಇಳಿಸುವಾಗ ಬಿಳಿ ಡಬ್ಬಿಗೆ ಹಿಡಿಯಿರಿ, ಬಿಸಿಲಿಗೆ ಒಡ್ಡಿ ಅಲ್ಲಾಡಿಸಿ. ಹಿತ್ತಾಳೆಯ ಸಣ್ಣ ಪುಡಿ ಚಿನ್ನದ ಧೂಳಿನ ಹಾಗೆ ಮಿನುಗಿದರೆ ಅದು ಸಿಂಕ್ರೋ ರಿಂಗ್ (ಗೇರು ಸದ್ದಿಲ್ಲದೆ ಕೂರಲು ವೇಗ ಹೊಂದಿಸುವ ಬಳೆ) ಸವೆದ ಪುಡಿ, ಸ್ವಲ್ಪ ಇದ್ದರೆ ಹೆದರಬೇಕಿಲ್ಲ. ಬೆರಳಿಗೆ ಚುಚ್ಚುವಂಥ ಕಬ್ಬಿಣದ ಚೂರು ಸಿಕ್ಕಿದರೆ ಬೇರೆ ಕಥೆ. ಮತ್ತೆ ಜಿಎಲ್-4 ದರ್ಜೆಯ ಗೇರ್ ಆಯಿಲ್ಲೇ ಹಾಕಿ. ಹಳೇ ಬಾಕ್ಸಿನ ಹಿತ್ತಾಳೆ ಸಿಂಕ್ರೋಗೆ ಜಿಎಲ್-5 ಹಿಡಿಸಲ್ಲ. ಅಂಗಡಿಯವರು "ಎರಡೂ ಒಂದೇ" ಅಂದರೆ ನಂಬಬೇಡಿ. ಡಿಫರೆನ್ಷಿಯಲ್‌ಗೆ ಬೇಕಾದ್ದು ಜಿಎಲ್-5, ಅದು ಬೇರೆ ಡಬ್ಬಿ.

ಮಳೆಗೆ ಟಾಪ್ ಬಿಚ್ಚಿದವ (ಕೊವೆಂಟ್ರಿ):

ಮೇಲಿನ ಲೆಕ್ಕ ಎಲ್ಲಾ ಸರಿ. ನಾನು ಇದೇ ಕೆಲಸ ಮನೆ ಮುಂದಿನ ಜಾಗದಲ್ಲಿ ಜಾಕ್ ಸ್ಟ್ಯಾಂಡ್ ಮೇಲೆ ಗಾಡಿ ನಿಲ್ಲಿಸಿ ಮಾಡಿದ್ದೇನೆ, 1990ರ 1.6 ಗಾಡಿಗೆ. ಏನೇನು ಎದುರಾಗುತ್ತದೆ ಅಂತ ಹೇಳಿಬಿಡುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ.

ನಾನು ಮಾಡಿದ ದೊಡ್ಡ ತಪ್ಪು ಬರೀ ಬಾಕ್ಸ್ ಮಾತ್ರ ತಗೊಂಡಿದ್ದು. ಮಾರಿದವನು "ಎಲ್ಲಾ ಹೊಂದುತ್ತೆ" ಅಂದ, ನಾನು ನಂಬಿದೆ. 1.6ರ ಡಿಫರೆನ್ಷಿಯಲ್ 1.8ರದಕ್ಕಿಂತ ಚಿಕ್ಕದು, ಅದರೊಳಗೆ 3.909ರ ಕ್ರೌನ್ ಕೂರುವುದೇ ಇಲ್ಲ. ದೊಡ್ಡ ಡಿಫರೆನ್ಷಿಯಲ್ ಹಾಕಬೇಕು ಅಂದರೆ ಅದರದ್ದೇ ಚಕ್ರಕ್ಕೆ ಹೋಗುವ ಎರಡೂ ಆಕ್ಸಲ್ ಶಾಫ್ಟ್ ಬೇಕು, ಬಾಕ್ಸಿನಿಂದ ಡಿಫರೆನ್ಷಿಯಲ್ಲಿಗೆ ತಿರುಗುವ ಪ್ರೊಪೆಲ್ಲರ್ ಶಾಫ್ಟ್ ಬೇಕು, ಯಾಕಂದರೆ ಫ್ಲ್ಯಾಂಜ್ (ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆ) ಅಳತೆ ಬೇರೆ. ಒಂದೊಂದೇ ಬಿಡಿಯಾಗಿ ಹುಡುಕಿ ಕೊಂಡುಕೊಳ್ಳುವಷ್ಟರಲ್ಲಿ ಮೂರು ತಿಂಗಳು ಗಾಡಿ ಸ್ಟ್ಯಾಂಡ್ ಮೇಲೇ ಇತ್ತು. ದಿನಾ ಬೆಳಿಗ್ಗೆ ಕಿಟಕಿಯಿಂದ ಅದನ್ನು ನೋಡಿ ಬಸ್ಸಿಗೆ ಹೋಗುತ್ತಿದ್ದೆ, ಆ ಬೇಜಾರು ಇನ್ನೂ ನೆನಪಿದೆ.

ಹಾಗಾಗಿ ತಗೊಳ್ಳುವುದಾದರೆ ಒಂದೇ ಗಾಡಿಯಿಂದ ಪೂರ್ತಿ ಸೆಟ್ ಕೇಳಿ. ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಎರಡು ಆಕ್ಸಲ್, ಮತ್ತೆ ಬಾಕ್ಸಿನಿಂದ ಡಿಫರೆನ್ಷಿಯಲ್‌ವರೆಗೆ ಉದ್ದಕ್ಕೆ ಬರುವ ಆ ಅಲ್ಯೂಮಿನಿಯಂ ತೊಲೆ. ಈ ತೊಲೆ ಮರೆಯಬೇಡಿ. ಮಿಯಾಟಾದಲ್ಲಿ ಬಾಕ್ಸಿನ ಬಾಲಕ್ಕೆ ಕೆಳಗಿನಿಂದ ಅಡ್ಡಪಟ್ಟಿ ಇಲ್ಲ, ಈ ತೊಲೆಯೇ ಅದನ್ನು ಎತ್ತಿ ಹಿಡಿದಿರುವುದು. ಬಿಚ್ಚಿದ ಕೂಡಲೇ ಬಾಲ ಜೋತು ಬೀಳುತ್ತದೆ, ಮೊದಲೇ ಜಾಕ್ ಕೊಟ್ಟಿರಬೇಕು. ವಾಪಸ್ ಕಟ್ಟುವಾಗ ಬಾಲದ ಎತ್ತರ ಅಳೆದು, ಸರಿಮಾಡಿ, ಆಮೇಲೆ ಬೋಲ್ಟ್ ಬಿಗಿ ಮಾಡಬೇಕು. ಕಣ್ಣಂದಾಜಿನಲ್ಲಿ ಬಿಗಿದರೆ ಒಂದು ವೇಗದಲ್ಲಿ ಗಾಡಿ ನಡುಗಲು ಶುರುವಾಗುತ್ತದೆ. ನನ್ನದು ಹಾಗಾಗಿ ಮತ್ತೆ ಬಿಚ್ಚಿ ಕಟ್ಟಿದೆ. ನಿಮ್ಮ 1991ರದು, ಆ 2002ರದು, ಎರಡು ತಲೆಮಾರಿನ ಗಾಡಿಗೂ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) ಒಂದೇ, 2,265 ಮಿಲಿಮೀಟರ್. ಅದಕ್ಕೇ ಒಂದೇ ಗಾಡಿಯ ಸೆಟ್ ಆದರೆ ಉದ್ದದ ತಲೆನೋವು ಇರಲ್ಲ.

ಕ್ಲಚ್. 1.6ರದು 200 ಮಿಲಿಮೀಟರ್, 1.8ರದು 215. ನಾನು 1.8ರ ಫ್ಲೈವೀಲ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಎಲ್ಲಾ ಹಾಕಿದೆ, 1.6ರ ಕ್ರ್ಯಾಂಕಿಗೆ (ಇಂಜಿನ್ನಿನ ಮುಖ್ಯ ಶಾಫ್ಟ್) ಆ ಫ್ಲೈವೀಲ್ ಕೂರುತ್ತದೆ. ಬಾಕ್ಸ್ ಕೆಳಗಿಳಿದ ಮೇಲೆ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಇಂಜಿನ್ ಹಿಂದಿನ ಆಯಿಲ್ ಸೀಲ್ ಬದಲಾಯಿಸದೆ ಮೇಲೆ ಹತ್ತಿಸಬೇಡಿ. ಆ ಸೀಲಿಗೆ ಕೊಡುವ ದುಡ್ಡು ಏನೂ ಅಲ್ಲ, ಅದಕ್ಕಾಗಿ ಮತ್ತೆ ಬಾಕ್ಸ್ ಇಳಿಸುವ ಶ್ರಮ ದೊಡ್ಡದು. ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಈ ಗಾಡಿಗಳಲ್ಲಿ ಆಗಾಗ ಸೋರುತ್ತದೆ, ಅದನ್ನೂ ನೋಡಿಕೊಳ್ಳಿ.

ಬೆಲ್ ಹೌಸಿಂಗಿನ (ಬಾಕ್ಸ್ ಇಂಜಿನ್ನಿಗೆ ಸೇರುವ ಗಂಟೆಯಾಕಾರದ ಮುಂಭಾಗ) ಮೇಲಿನ ಬೋಲ್ಟ್‌ಗಳು ಕೈಗೆ ಸಿಗಲ್ಲ, ಕಣ್ಣಿಗೂ ಕಾಣಲ್ಲ. ಇರುವ ಎಕ್ಸ್‌ಟೆನ್ಶನ್ ಎಲ್ಲಾ ಒಂದಕ್ಕೊಂದು ಸೇರಿಸಿ, ಬಾಲದ ಕಡೆಯಿಂದ ಬಾಕ್ಸಿನ ಮೇಲೆ ಉದ್ದಕ್ಕೆ ತೂರಿಸಿ ಬಿಚ್ಚಬೇಕು. ಒಂದು ಕೈಯಲ್ಲಿ ಸಾಕೆಟ್ ತುದಿ ಹಿಡಿದು ಬೋಲ್ಟಿನ ತಲೆ ತಡವಿ ತಡವಿ ಕೂರಿಸುವುದು, ಇನ್ನೊಬ್ಬರು ಹಿಂದಿನಿಂದ ತಿರುಗಿಸುವುದು. ಇಬ್ಬರು ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಮೇಲೆ ಹತ್ತಿಸುವಾಗಲೂ ಅಷ್ಟೇ, ಇನ್‌ಪುಟ್ ಶಾಫ್ಟಿನ ಹಲ್ಲು ಕ್ಲಚ್ ಪ್ಲೇಟಿಗೆ ಕೂರದಿದ್ದರೆ ಬೋಲ್ಟ್ ಹಾಕಿ ಎಳೆಯಬಾರದು. ಕೂತರೆ ಟಕ್ ಅಂತ ಒಳಗೆ ಹೋಗುತ್ತದೆ, ಆ ಸದ್ದು ಬರುವವರೆಗೆ ತಾಳ್ಮೆ ಬೇಕು.

ಸ್ಪೀಡೋಮೀಟರ್ ಬಗ್ಗೆ ಯಾರೂ ಹೇಳಿಲ್ಲ. ನಿಮ್ಮದು ಕೇಬಲ್ಲಿನದು, 2002ರದು ಎಲೆಕ್ಟ್ರಾನಿಕ್ ಸೆನ್ಸರ್. ನಿಮ್ಮ ಹಳೇ ಬಾಕ್ಸಿನ ಕೇಬಲ್ ಗೇರನ್ನು ಬಿಚ್ಚಿಟ್ಟುಕೊಳ್ಳಿ, ಹೊಸ ಬಾಕ್ಸ್ ನೆಲದ ಮೇಲೆ ಇರುವಾಗಲೇ ಕೂರಿಸಿ ನೋಡಿ. ಮೇಲೆ ಹತ್ತಿಸಿದ ಮೇಲೆ ನೋಡೋಣ ಅಂದರೆ ಆಗಲ್ಲ. ಡಿಫರೆನ್ಷಿಯಲ್ ಬದಲಾದ ಮೇಲೆ ಮುಳ್ಳು ತೋರಿಸುವ ವೇಗ ತಪ್ಪಾಗುತ್ತದೆ, ಫೋನಿನ ಜಿಪಿಎಸ್ ಜೊತೆ ಹೋಲಿಸಿ ತಿಳಿದುಕೊಳ್ಳಿ.

ಇಷ್ಟೆಲ್ಲಾ ಮಾಡಿ ಖುಷಿಯಾಯ್ತಾ ಅಂದರೆ, ಆಯ್ತು. ನನ್ನದು ಆರು ಗೇರು ಮತ್ತು 3.909. ಊರ ಹೊರಗಿನ ಸಣ್ಣ ರಸ್ತೆಗಳಲ್ಲಿ ಎರಡು, ಮೂರು, ನಾಲ್ಕು ಅಂತ ಆಡಿಸುತ್ತಾ ಹೋಗುವುದು ನನಗೆ ಇಷ್ಟ, ಚಿಕ್ಕ ಇಂಜಿನ್ ಯಾವಾಗಲೂ ಎಚ್ಚರವಾಗಿರುತ್ತದೆ. ಆದರೆ ನನಗೆ ಬೇಕಿದ್ದದ್ದು ಅದು. ನಿಮಗೆ ಬೇಕಿರುವುದು ಹ್ಯೂಸ್ಟನ್ ದಾರಿಯಲ್ಲಿ ನಿಶ್ಶಬ್ದ. ಎರಡೂ ಬೇರೆ ಬೇರೆ ಅಲ್ವಾ? ಆ ದಾರಿಗೆ ಪಿನಿಯನ್ ಅವರು ಹೇಳಿದ್ದೇ ಸರಿ. ಅದಕ್ಕೂ ಮೊದಲು ಟಾಪಿನ ಕಿಟಕಿ ರಬ್ಬರ್ ನೋಡಿ. ಮೂವತ್ತು ವರ್ಷದ ರಬ್ಬರ್ ಕಲ್ಲಾಗಿರುತ್ತದೆ, ನೀವು ಕೇಳುತ್ತಿರುವ ಸದ್ದಿನಲ್ಲಿ ಅರ್ಧ ಗಾಳಿಯದೇ ಇರಬಹುದು.

ಇನ್ನೊಂದು ಮಾತು, ಗಾಡಿ 1991ರದು ಅಂದಿರಿ. ಕ್ರ್ಯಾಂಕ್ ಪುಲ್ಲಿಯಲ್ಲಿ ಎಷ್ಟು ಸೀಳು ಇವೆ ಎಣಿಸಿ. ನಾಲ್ಕು ಇದ್ದರೆ ಮೊದಮೊದಲ ಗಿಡ್ಡ ಮೂತಿಯ ಕ್ರ್ಯಾಂಕ್, ಅದರ ಪುಲ್ಲಿ ಸಡಿಲವಾಗುವ ಕಾಯಿಲೆ ಇದೆ. ಎಂಟು ಇದ್ದರೆ ನಿಶ್ಚಿಂತೆ. ಇಂಜಿನ್ ಗಟ್ಟಿ ಇದೆಯಾ ಅಂತ ತಿಳಿಯದೆ ಹಿಂದಿನ ಭಾಗಕ್ಕೆ ದುಡ್ಡು ಸುರಿಯಬೇಡಿ.

ಪಿನಿಯನ್:

ಲಿವರ್ ಬಿಗಿ ಇದೆ ಅಂದಿದ್ದಕ್ಕೆ ಒಂದು ಸೇರಿಸುತ್ತೇನೆ. ಐದು ಗೇರಿನ ಬಾಕ್ಸಿನಲ್ಲಿ ಗೇರ್ ಲಿವರ್ ಕೂರುವ ಗೂಡಿಗೆ ತನ್ನದೇ ಎಣ್ಣೆ ಇರುತ್ತದೆ, ಬಾಕ್ಸಿನ ಆಯಿಲ್ ಬೇರೆ, ಅದು ಬೇರೆ. ಮೇಲೆ ಎರಡು ರಬ್ಬರ್ ಬೂಟು. ಅವು ಹರಿದರೆ ಗೂಡು ಒಣಗುತ್ತದೆ, ಒಳಗೆ ಬಿಸಿ ಗಾಳಿ ಬರುತ್ತದೆ, ರಸ್ತೆ ಸದ್ದೂ ಬರುತ್ತದೆ. ಕನ್ಸೋಲ್ ಬಿಚ್ಚಿ ಮೂರು ಬೋಲ್ಟ್ ತೆಗೆದರೆ ಲಿವರ್ ಕೈಗೆ ಬರುತ್ತದೆ. ಶನಿವಾರ ಮಧ್ಯಾಹ್ನದ ಕೆಲಸ. ಮೊದಲು ಅದು ಮಾಡಿ.

ಕೆಂಪುಕಾರು91:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಆಯ್ತು, ಆಗಿದ್ದು ಹೇಳುತ್ತೇನೆ.

ಪುಲ್ಲಿಯಲ್ಲಿ ಎಂಟು ಸೀಳು. ಬಗ್ಗಿ ಟಾರ್ಚ್ ಬಿಟ್ಟು ಎರಡೆರಡು ಸಲ ಎಣಿಸಿದೆ.

ಲಿವರ್ ತೆಗೆದೆ. ಕೆಳಗಿನ ಚಿಕ್ಕ ಬೂಟು ಸುತ್ತಲೂ ಹರಿದು, ಕೈಗೆ ಎರಡು ತುಂಡಾಗಿ ಬಂತು. ಗೂಡಿನೊಳಗೆ ಒಂದು ಹನಿ ಎಣ್ಣೆ ಇರಲಿಲ್ಲ, ತಳದಲ್ಲಿ ಕಪ್ಪು ಅಂಟು ಮಾತ್ರ. ಲಿವರಿನ ತುದಿಯ ಪ್ಲಾಸ್ಟಿಕ್ ಬುಶ್ ಒಂದು ಕಡೆ ಸವೆದು ಚಪ್ಪಟೆಯಾಗಿತ್ತು. ಎರಡು ಬೂಟು, ಬುಶ್ ಹೊಸದು ಹಾಕಿ, ಗೂಡಿಗೆ ಎಣ್ಣೆ ತುಂಬಿಸಿ, ಬಾಕ್ಸಿಗೆ 75ಡಬ್ಲ್ಯೂ-90 ಜಿಎಲ್-4 ಆಯಿಲ್ ಎರಡು ಲೀಟರ್ ಹಾಕಿದೆ. ಹಳೇ ಆಯಿಲ್ ಬಿಳಿ ಡಬ್ಬಿಗೆ ಹಿಡಿದಾಗ ಉಡುಪಿಯವರು ಹೇಳಿದ ಚಿನ್ನದ ಧೂಳು ಕಂಡಿತು, ಕಬ್ಬಿಣದ ಚೂರು ಇರಲಿಲ್ಲ. ಈಗ ಲಿವರ್ ಎರಡು ಬೆರಳಲ್ಲಿ ಹೋಗುತ್ತದೆ! ಎರಡನೇ ಗೇರಿನ ಕರ್ ಪೂರ್ತಿ ಹೋಗಿಲ್ಲ, ಬೆಳಿಗ್ಗೆ ಮೊದಲ ಎರಡು ಸಿಗ್ನಲ್‌ವರೆಗೆ ನಿಧಾನವಾಗಿ ಹಾಕಬೇಕು, ಆಮೇಲೆ ಇಲ್ಲ. ಅಷ್ಟು ಸಾಕು ನನಗೆ.

ಆರು ಗೇರಿನ ಬಾಕ್ಸ್ ಬೇಡ ಅಂದೆ. ಅದೇ ಅಂಗಡಿಯಲ್ಲಿ ಆ ಗಾಡಿಯ ಡಿಫರೆನ್ಷಿಯಲ್, ಆಕ್ಸಲ್, ಪ್ರೊಪೆಲ್ಲರ್ ಶಾಫ್ಟ್ ಇನ್ನೂ ಇವೆಯಂತೆ, ಭಾನುವಾರ ಹೋಗಿ ನೋಡುತ್ತೇನೆ. ಆ ಪ್ರೊಪೆಲ್ಲರ್ ಶಾಫ್ಟ್ ಐದು ಗೇರಿನ ಬಾಕ್ಸಿನ ಬಾಲಕ್ಕೆ ಕೂರುತ್ತಾ ಅಂತ ತಿಳಿಯಲು ನನ್ನದರ ಅಳತೆ ಬರೆದುಕೊಂಡು ಹೋಗುತ್ತೇನೆ. ಆದರೆ ಡಿಫರೆನ್ಷಿಯಲ್ ಮೇಲೆ ಚೀಟಿ ಏನೂ ಇಲ್ಲವಂತೆ. ಅದು 3.909 ಹೌದಾ ಅಲ್ವಾ ಅಂತ ಬಿಚ್ಚದೆ ತಿಳಿಯುವುದು ಹೇಗೆ?

ಪಿನಿಯನ್:

ಬಿಚ್ಚಬೇಕಿಲ್ಲ. ಒಂದು ಚಾಕ್‌ಪೀಸ್ ತಗೊಂಡು ಹೋಗಿ. ಪಿನಿಯನ್ ಫ್ಲ್ಯಾಂಜಿಗೆ (ಪ್ರೊಪೆಲ್ಲರ್ ಶಾಫ್ಟ್ ಸೇರುವ ಕಡೆ) ಒಂದು ಗೆರೆ, ಆಕ್ಸಲ್ ಕೂರುವ ಎರಡೂ ಕಡೆಗೆ ಒಂದೊಂದು ಗೆರೆ ಹಾಕಿ. ಪಿನಿಯನ್ ತಿರುಗಿಸುತ್ತಾ ಎಣಿಸಿ, ಎರಡೂ ಕಡೆ ಸಮನಾಗಿ ತಿರುಗುತ್ತಿರಬೇಕು. ಒಂದು ಕಡೆ ಮಾತ್ರ ತಿರುಗಿದರೆ ಲೆಕ್ಕ ತಪ್ಪುತ್ತದೆ, ಜೊತೆಗೊಬ್ಬರು ಇದ್ದರೆ ಒಳ್ಳೆಯದು. ಒಂದೇ ಸುತ್ತು ಎಣಿಸಿದರೆ 3.9 ಯಾವುದು 4.1 ಯಾವುದು ಗೊತ್ತಾಗಲ್ಲ, ಹತ್ತು ಸುತ್ತು ಎಣಿಸಿ. ಆಕ್ಸಲ್ ಕಡೆ ಹತ್ತು ಸುತ್ತು ಮುಗಿಯುವಾಗ ಪಿನಿಯನ್ 39 ಸುತ್ತು ದಾಟಿ ಸ್ವಲ್ಪ ಮುಂದೆ ಹೋಗಿದ್ದರೆ ಅದು 3.909, ಒಳಗೆ 43 ಹಲ್ಲಿನ ಕ್ರೌನ್, 11 ಹಲ್ಲಿನ ಪಿನಿಯನ್. ಸರಿಯಾಗಿ 41 ಬಂದರೆ 4.1, 43 ಬಂದರೆ ನಿಮ್ಮ ಹತ್ತಿರ ಈಗಾಗಲೇ ಇರುವ ರೇಶಿಯೋನೇ, ದುಡ್ಡು ಕೊಡಬೇಡಿ. ತಿರುಗಿಸುವಾಗ ಕೈಗೆ ಎಲ್ಲಾದರೂ ಗರಗರ ಅಂತ ತಾಗಿದರೆ ಬೇರಿಂಗ್ ಹೋಗಿದೆ ಅಂತ, ಆಗಲೂ ಅಲ್ಲೇ ಬಿಟ್ಟು ಬನ್ನಿ.